ನಕ್ಷೆಯಲ್ಲಿರುವ ಬಯಲು ನೆಲಕ್ಕಿಳಿಯಲಿ

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಯ ಗದ್ದಲ ಆರಂಭವಾಗುವುದರೊಳಗೆ ಹೋಟೆಲು ಕಾರ್ಮಿಕನಿಗೆ ಒಂದೂವರೆ ಎರಡು ತಾಸಿನ ಬಿಡುವು ಸಿಗುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ನಿಂತವನಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಒಂದಿಷ್ಟು ನೆರಳು, ಕಾಲು ಚಾಚಲು ಒಂದಿಷ್ಟು ನೆಲ. ಕಳೆದ ತಿಂಗಳು ನಮ್ಮ ಸಂಘದ ಸದಸ್ಯನಾದ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಇದೇ ಹೊತ್ತಿನಲ್ಲಿ ತನ್ನ ಹೋಟೆಲಿನ ಸಮೀಪದ ಸಾರ್ವಜನಿಕ ಉದ್ಯಾನಕ್ಕೆ ಹೋದನು. ಗೇಟಿಗೆ ಬೀಗ ಬಿದ್ದಿತ್ತು. ನಾಲ್ಕು ಗಂಟೆಗೆ ತೆರೆಯುತ್ತೇವೆ ಎಂದು ಒಳಗಿದ್ದ ಕಾವಲುಗಾರ ಹೇಳಿದನು. ನಾಲ್ಕು ಗಂಟೆಗೆ ಈ ಹುಡುಗ ಟೇಬಲು ಒರೆಸುತ್ತ ನಿಂತಿರಬೇಕು! ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ಕುಳಿತನು, ಅಲ್ಲಿಂದಲೂ ಎಬ್ಬಿಸಿದರು. ಸಂಘದ ಕಚೇರಿಗೆ ಬಂದು ಅವನು ಕೇಳಿದ ಪ್ರಶ್ನೆ ಇಷ್ಟೇ: "ಅಣ್ಣಾ, ಆ ಬಗೀಚ ಯಾರಿಗೋಸ್ಕರ ಮಾಡಿದ್ದು?"

ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಕಾವಲುಗಾರನನ್ನು ಬೈದು ಪ್ರಯೋಜನವಿಲ್ಲ. ಅವನೂ ನಮ್ಮಂತೆಯೇ ಕೂಲಿಯವನು. ಮೇಲಿನವರು ಕೊಟ್ಟ ಬೀಗವನ್ನು ಮೇಲಿನವರು ಹೇಳಿದ ಹೊತ್ತಿಗೆ ಹಾಕುವವನು. ಬೀಗದ ಹೊತ್ತನ್ನು ನಿಶ್ಚಯಿಸಿದವರು ಯಾರು, ಬಗೀಚದ ನೆಲವನ್ನು ಬಗೀಚಕ್ಕೆಂದು ಗುರುತಿಸಿದವರು ಯಾರು, ಗುರುತಿಸಿಯೂ ಬಗೀಚವಾಗದೆ ಉಳಿದ ನೆಲವೆಷ್ಟು ಎಂಬುದನ್ನು ಹುಡುಕುತ್ತ ಹೋದಾಗ ನಮಗೆ ತಿಳಿದುಬಂದ ಸಂಗತಿಗಳನ್ನು ಈ ಸಂಚಿಕೆಯಲ್ಲಿ ನಮ್ಮ ಬಾಂಧವರ ಮುಂದಿಡುತ್ತಿದ್ದೇವೆ.

"ಸಂಬಳದ ಮಾತು ಬಿಟ್ಟು ಸಂಘಕ್ಕೆ ಉದ್ಯಾನದ ಗೊಡವೆ ಏಕೆ?" ಎಂದು ಕೇಳುವವರು ಇದ್ದಾರೆ. ಮಾಲೀಕರು ಮಾತ್ರ ಕೇಳುವ ಪ್ರಶ್ನೆ ಇದಲ್ಲ, ನಮ್ಮವರೇ ಕೇಳುತ್ತಾರೆ. ಅವರಿಗೆ ನಾವು ಹೇಳುವುದಿಷ್ಟು. ಬಂಗಲೆಯಲ್ಲಿರುವವನಿಗೆ ಅಂಗಳವಿದೆ, ಕಟ್ಟಡದ ಮೇಲೆ ಗಚ್ಚಿಯಿದೆ, ಸದಸ್ಯತ್ವವಿರುವ ಜಿಮಖಾನೆಯಿದೆ. ಹೋಟೆಲಿನ ಅಟ್ಟದ ಮೇಲೆ, ಒಲೆಯ ಹೊಗೆ ಏರಿ ಬರುವಲ್ಲಿ, ಎಂಟು ಹತ್ತು ಮಂದಿಯ ಜೊತೆ ಚಾಪೆ ಹಾಸಿ ಮಲಗುವವನಿಗೆ ಊರಿನ ಸಾರ್ವಜನಿಕ ಬಯಲನ್ನು ಬಿಟ್ಟರೆ ಬೇರೆ ಅಂಗಳವಿಲ್ಲ. ಹತ್ತಡಿ ಖೋಲಿಯಲ್ಲಿ ಸಂಸಾರ ಹೂಡಿದವನ ಮಕ್ಕಳಿಗೆ ಓಡಿಯಾಡಲು ಗಲ್ಲಿಯನ್ನು ಬಿಟ್ಟರೆ ಬೇರೆ ಜಾಗವಿಲ್ಲ. ಗಲ್ಲಿಯಲ್ಲಿ ಈಗ ಮೋಟಾರುಗಳು ನಿಂತಿವೆ. ಬಿಡುವು ಸಿಕ್ಕಿದರೂ ಕಳೆಯಲು ತಾವಿಲ್ಲದವನು ಬಾರಿಗೆ ಹೋಗುತ್ತಾನೆ, ಇಸ್ಪೀಟಿಗೆ ಕೂರುತ್ತಾನೆ, ಇಲ್ಲವೆ ಮೊಬೈಲಿನಲ್ಲಿ ಹಣವಿಟ್ಟು ಆಡಿ ಊರಿಗೆ ಕಳಿಸಬೇಕಾದ ಸಂಬಳವನ್ನು ಕಳೆದುಕೊಳ್ಳುತ್ತಾನೆ. ಹೋರಾಡಿ ಪಡೆದ ಕೂಲಿ ಹೀಗೆ ಸೋರಿ ಹೋಗುವುದನ್ನು ಕಂಡವರು ನಾವು. ಆದುದರಿಂದ ಬಯಲಿನ ಪ್ರಶ್ನೆ ಸಂಬಳದ ಪ್ರಶ್ನೆಯಿಂದ ದೂರವಿಲ್ಲ.

ಈಗ ಲೆಕ್ಕಕ್ಕೆ ಬರೋಣ. 2011ರ ಜನಗಣತಿಯಲ್ಲಿ ಬೃಹನ್ಮುಂಬಯಿಯ ಜನಸಂಖ್ಯೆ 1 ಕೋಟಿ 24 ಲಕ್ಷ. ಈ ನಗರದ ಈಗಿನ ಅಭಿವೃದ್ಧಿ ಯೋಜನೆಯನ್ನು ಸಿದ್ಧಗೊಳಿಸುವಾಗ ಅಳೆದು ನೋಡಿದಾಗ ಜನರ ಉಪಯೋಗಕ್ಕಿರುವ ಬಯಲು ತಲೆಗೆ ಸುಮಾರು 1.24 ಚದರ ಮೀಟರು ಬಂದಿತು. ಅಡಿಯ ಲೆಕ್ಕದಲ್ಲಿ ಹದಿಮೂರು ಚದರ ಅಡಿ ಚಿಲ್ಲರೆ. ಒಬ್ಬ ಮನುಷ್ಯ ಚಾಪೆ ಹಾಸಿ ಮಲಗಿದರೆ ತುಂಬಿ ಹೋಗುವಷ್ಟು ಜಾಗ! ಕೇಂದ್ರ ಸರಕಾರ ನಗರ ಯೋಜನೆಗಳಿಗಾಗಿ 2014ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ ತಲೆಗೆ 10ರಿಂದ 12 ಚದರ ಮೀಟರು ಬಯಲಿರಬೇಕೆಂದು ಹೇಳಿದೆ. ಅದು ಒಂದು ಖೋಲಿಯಷ್ಟು. ಖೋಲಿಯಷ್ಟು ಸಿಗಬೇಕಾದಲ್ಲಿ ಚಾಪೆಯಷ್ಟು ಸಿಕ್ಕಿದೆ. ಆ ಚಾಪೆಯೂ ಎಲ್ಲರಿಗೆ ಸಮನಾಗಿ ಹಾಸಿಲ್ಲ. ಓವಲ್, ಕ್ರಾಸ್ ಮೈದಾನ, ಆಜಾದ್ ಮೈದಾನ ಇರುವ ದಕ್ಷಿಣ ಭಾಗದ ಪಾಲು ಬೇರೆ. ಗೋವಂಡಿ, ಕುರ್ಲಾ, ಸಾಕಿನಾಕಾ ಕಡೆಯ ಪಾಲು ಬೇರೆ. ನಮ್ಮ ಜನ ಹೆಚ್ಚಾಗಿ ದುಡಿಯುವುದೂ ಮಲಗುವುದೂ ಯಾವ ಕಡೆ ಎಂಬುದನ್ನು ನಾವು ಹೇಳಬೇಕಾಗಿಲ್ಲ.

ಹಿಂದಿನವರು ಹೇಗೆ ಮಾಡಿದ್ದರು ಎಂಬುದನ್ನು ಸ್ವಲ್ಪ ನೆನೆಯುವುದು ಒಳ್ಳೆಯದು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಚಾಳುಗಳಲ್ಲಿ ಜನ ನೊಣಗಳಂತೆ ಸತ್ತರು. ಅದಾದ ಮೇಲೆ 1898ರಲ್ಲಿ ಸರಕಾರ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಆ ಟ್ರಸ್ಟು ದಾದರ, ಮಾಟುಂಗಾ ಕಡೆಯ ಖಾಲಿ ನೆಲದಲ್ಲಿ ಮೊದಲು ರಸ್ತೆಗಳನ್ನೂ ಬಯಲುಗಳನ್ನೂ ಗುರುತಿಸಿ ಆಮೇಲೆ ಮನೆಗಳಿಗೆ ನಿವೇಶನ ಕೊಟ್ಟಿತು. ಅದರಿಂದಲೇ ಇಂದಿಗೂ ಅಲ್ಲಿ ಫೈವ್ ಗಾರ್ಡನ್ಸ್ ಇದೆ, ಕಿಂಗ್ಸ್ ಸರ್ಕಲಿನ ಉದ್ಯಾನವಿದೆ. 1925ರಲ್ಲಿ ಜನರಿಗೆ ತೆರೆದ ಮಾಹೀಮ್ ಪಾರ್ಕು, 1927ರಲ್ಲಿ ಶಿವಾಜಿ ಪಾರ್ಕೆಂದು ಹೆಸರು ಪಡೆದು, ಇಂದಿಗೂ ಸುಮಾರು 28 ಎಕರೆಯ ಬಯಲಾಗಿ ಉಳಿದಿದೆ. ಪರದೇಶಿ ಸರಕಾರದ ಆ ಟ್ರಸ್ಟು ಬಡವರ ಚಾಳುಗಳನ್ನು ಕೆಡವಿದಷ್ಟು ಕಟ್ಟಲಿಲ್ಲ ಎಂಬ ದೂರು ಇದ್ದೇ ಇದೆ. ಅದನ್ನು ಹೊಗಳಲು ನಾವು ಕುಳಿತಿಲ್ಲ. ಆದರೆ ಅಜ್ಜ ನೆಟ್ಟ ಹಲಸು ಮೊಮ್ಮಗನ ಬಾಯಿಗೆ ಬರುವಂತೆ, ನೂರು ವರ್ಷದ ಹಿಂದೆ ಮನೆಗಳು ಬರುವುದಕ್ಕೆ ಮುಂಚೆಯೇ ಬಿಟ್ಟ ಬಯಲಿನಲ್ಲಿ ಇಂದಿನ ಮಕ್ಕಳು ಆಡುತ್ತಿದ್ದಾರೆ. ದೀರ್ಘಕಾಲದ ಯೋಜನೆ ಎಂದರೆ ಇದು. ಮನೆಗಳು ಎದ್ದ ಮೇಲೆ ಬಯಲನ್ನು ಹುಡುಕಿದರೆ ಸಿಗಲಾರದು.

ಸ್ವಾತಂತ್ರ್ಯಾನಂತರ ನಮ್ಮವರೇ ಯೋಜನೆಗಳನ್ನು ಬರೆದರು. ಮೊದಲನೆಯದು 1967ರಲ್ಲಿ ಮಂಜೂರಾಯಿತು. ಎರಡನೆಯದು 1991ರಿಂದ ಭಾಗಭಾಗವಾಗಿ ಮಂಜೂರಾಯಿತು. ಎರಡರಲ್ಲಿಯೂ ಆಟದ ಬಯಲಿಗೆ, ಉದ್ಯಾನಕ್ಕೆ, ಶಾಲೆಗೆ, ಆಸ್ಪತ್ರೆಗೆ ಎಂದು ನಕ್ಷೆಯಲ್ಲಿ ಬಣ್ಣ ಹಚ್ಚಿದ್ದರು. ಹಚ್ಚಿದ ಬಣ್ಣದಲ್ಲಿ ಹೆಚ್ಚಿನ ಪಾಲು ಕಾಗದದ ಮೇಲೆಯೇ ಉಳಿಯಿತು. ಮೂರನೆಯ ಯೋಜನೆಯ ಕರಡು 2015ರಲ್ಲಿ ಹೊರಬಿದ್ದಾಗ ಅದರಲ್ಲಿ ಎಷ್ಟು ತಪ್ಪುಗಳಿದ್ದವೆಂದರೆ, ಹತ್ತಾರು ಸಾವಿರ ಜನ ಆಕ್ಷೇಪಣೆ ಬರೆದುಕೊಟ್ಟರು. ಅದೇ ವರ್ಷದ ಏಪ್ರಿಲಿನಲ್ಲಿ ಸರಕಾರ ಅದನ್ನು ಹಿಂತೆಗೆದುಕೊಂಡು ಮತ್ತೆ ಬರೆಯಲು ಹೇಳಬೇಕಾಯಿತು. ತಿದ್ದಿದ ಯೋಜನೆ 2018ರಲ್ಲಿ ಮಂಜೂರಾಗಿ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. 2034ರ ತನಕ ಈ ನಗರ ಹೇಗೆ ಬೆಳೆಯಬೇಕೆಂಬುದು ಈ ಯೋಜನೆಯಲ್ಲಿದೆ. ಜನ ಕೂಗಿದರೆ ಯೋಜನೆಯೂ ಬದಲಾಗುತ್ತದೆ ಎಂಬ ಪಾಠವನ್ನು 2015 ನಮಗೆ ಕಲಿಸಿದೆ.

ಇಲ್ಲಿ ನಮ್ಮ ಬಾಂಧವರು ಒಂದು ಕಾನೂನನ್ನು ತಿಳಿದಿರಬೇಕು. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯ 127ನೆಯ ಕಲಮು ಹೇಳುವುದಿದು: ಯೋಜನೆಯಲ್ಲಿ ಸಾರ್ವಜನಿಕ ಕೆಲಸಕ್ಕೆಂದು ಮೀಸಲಿಟ್ಟ ನೆಲವನ್ನು ಹತ್ತು ವರ್ಷದೊಳಗೆ ಪಾಲಿಕೆ ಪಡೆದುಕೊಳ್ಳದೆ ಹೋದರೆ, ಪಡೆಯುವ ಕ್ರಮವನ್ನಾದರೂ ಆರಂಭಿಸದೆ ಹೋದರೆ, ನೆಲದ ಒಡೆಯ ಪಾಲಿಕೆಗೆ ನೋಟೀಸು ಕೊಡಬಹುದು. ನೋಟೀಸು ತಲುಪಿದ 24 ತಿಂಗಳೊಳಗೂ ಪಾಲಿಕೆ ಕದಲದಿದ್ದರೆ ಮೀಸಲು ಬಿದ್ದುಹೋಗುತ್ತದೆ. ಆಮೇಲೆ ಅಕ್ಕಪಕ್ಕದ ನೆಲದಲ್ಲಿ ಕಟ್ಟುವಂತೆ ಆತನೂ ಕಟ್ಟಡ ಕಟ್ಟಬಹುದು. 2018ಕ್ಕೆ ಹತ್ತು ಕೂಡಿಸಿರಿ. 2028ರ ಸೆಪ್ಟೆಂಬರಿನಿಂದ ಈ ನೋಟೀಸುಗಳು ಬರತೊಡಗಬಹುದು. ಅಧಿಕಾರಿಗಳು ಆ ತನಕ ನಿದ್ದೆ ಮಾಡಿದರೆ ನಮ್ಮ ಮಕ್ಕಳ ಪಾಲಿನ ಬಯಲು ಒಬ್ಬರೂ ಕೂಗದೆ, ಒಂದು ಕಲ್ಲೂ ಅಲುಗದೆ, ಟಪಾಲಿನಲ್ಲಿ ಹೊರಟು ಹೋಗುತ್ತದೆ. ಇದೇ ನಮ್ಮ ಇಂದಿನ ಮುಖ್ಯ ಮಾತು.

ಬಯಲು ಹೀಗೆ ಕೈಬಿಟ್ಟುಹೋದುದಕ್ಕೆ ಹಳೆಯ ಉದಾಹರಣೆ ಬೇಕಾದರೆ ಗಿರಣಗಾವಿಗೆ ಹೋಗಿ ನೋಡಬಹುದು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ಮೇಲೆ ಲಾಲಬಾಗ, ಪರಳ, ವರಳಿಯ ಭೋಂಗಾಗಳು ಒಂದೊಂದಾಗಿ ನಿಂತವು. ಗಿರಣಿಯವರನ್ನೇ ನಂಬಿದ್ದ ನಮ್ಮವರ ಎಷ್ಟೋ ಸಣ್ಣ ಹೋಟೆಲುಗಳೂ ಖಾನಾವಳಿಗಳೂ ಅವುಗಳೊಡನೆ ಮುಚ್ಚಿದವು. ಹಿಂದೆ ಉಳಿದದ್ದು ಸುಮಾರು 600 ಎಕರೆ ನೆಲ. 1991ರ ನಿಯಮದಂತೆ ಗಿರಣಿಯ ನೆಲ ಮಾರಿದರೆ ಮೂರರಲ್ಲಿ ಒಂದು ಪಾಲು ಸಾರ್ವಜನಿಕ ಬಯಲಿಗೆ, ಒಂದು ಪಾಲು ಸರಕಾರಿ ಮನೆಗಳಿಗೆ, ಒಂದು ಪಾಲು ಒಡೆಯನಿಗೆ ಎಂದಿತ್ತು. 2001ರಲ್ಲಿ ಆ ನಿಯಮಕ್ಕೆ ತಿದ್ದುಪಡಿ ಬಂದಿತು. ಕಟ್ಟಡವಿರುವ ಜಾಗವನ್ನು ಬಿಟ್ಟು ಖಾಲಿ ಇರುವ ನೆಲವನ್ನಷ್ಟೇ ಮೂರು ಪಾಲು ಮಾಡಿದರೆ ಸಾಕೆಂದಾಯಿತು. ಗಿರಣಿಯ ಅಂಗಳದಲ್ಲಿ ಖಾಲಿ ನೆಲ ಎಷ್ಟಿರುತ್ತದೆ? 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಜನರ ಪರವಾಗಿ ತೀರ್ಪಿತ್ತಿತು. 2006ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇನ್ನೂರು ಎಕರೆ ಬಯಲಿನ ಕನಸು ತುಂಡು ಜಾಗಗಳಲ್ಲಿ ಮುಗಿದುಹೋಯಿತು. ಆ ಮಾಲುಗಳ ಒಳಗಿನ ಉಪಾಹಾರ ಗೃಹಗಳಲ್ಲಿ ಈಗ ನಮ್ಮ ಹುಡುಗರು ತಟ್ಟೆ ಹೊರುತ್ತಿದ್ದಾರೆ. ಒಂದು ನಿಯಮದಲ್ಲಿ ನಾಲ್ಕು ಶಬ್ದ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮುಷ್ಕರದಲ್ಲಿ ಲಕ್ಷಗಟ್ಟಲೆ ಜನ ಬೀದಿಗಿಳಿದಿದ್ದರು; ತಿದ್ದುಪಡಿಯ ಕಾಗದವನ್ನು ಓದಿದವರು ಮಾತ್ರ ಬೆರಳೆಣಿಕೆಯಷ್ಟು.

ಇನ್ನು ಒಂದು ತೊಡಕಿನ ವಿಷಯವನ್ನು ಮುಚ್ಚಿಡುವುದು ನ್ಯಾಯವಲ್ಲ. ಬಯಲಿಗೆಂದು ಮೀಸಲಿಟ್ಟ ಅನೇಕ ಜಾಗಗಳಲ್ಲಿ ಝೋಪಡಪಟ್ಟಿಗಳಿವೆ. ಅವುಗಳಲ್ಲಿ ನಮ್ಮವರೂ ಇದ್ದಾರೆ. ಅವರನ್ನು ಓಡಿಸಿ ಹುಲ್ಲು ಬೆಳೆಸಿರಿ ಎಂದು ನಾವು ಎಂದಿಗೂ ಹೇಳೆವು. ಅಂಥ ಜಾಗದಲ್ಲಿ 65 ಪಾಲು ನೆಲದಲ್ಲಿ ಝೋಪಡಿಯವರಿಗೆ ಮನೆ ಕಟ್ಟಿ 35 ಪಾಲನ್ನು ಬಯಲಾಗಿ ಬಿಡಬೇಕೆಂಬ ನಿಯಮವನ್ನು 2025ರ ಜೂನಿನಲ್ಲಿ ಉಚ್ಚ ನ್ಯಾಯಾಲಯ ಎತ್ತಿಹಿಡಿದಿದೆ. ಮನೆಯೂ ಬೇಕು, ಬಯಲೂ ಬೇಕು ಎನ್ನುವವರು ನಾವು. ಆದರೆ ಆ 35 ಪಾಲು ಬಿಲ್ಡರನ ಮಾರಾಟದ ಕಟ್ಟಡದ ಗೋಡೆಯೊಳಗೆ ಸೇರಿಕೊಂಡು, ಗೂರ್ಖಾನ ಸಲಾಮಿಗೆ ತಕ್ಕವರು ಮಾತ್ರ ನಡೆದಾಡುವ ಜಾಗವಾಗದಂತೆ ನೋಡಿಕೊಳ್ಳಬೇಕು. ಅದು ಎಲ್ಲರಿಗೆ ತೆರೆದಿರಬೇಕು, ಒಟ್ಟಾಗಿ ಒಂದೇ ಕಡೆ ಇರಬೇಕು. ಸಂಡಾಸಿನ ಹಿಂದೆ ಒಂದು ಮೊಳ, ಪಾರ್ಕಿಂಗಿನ ಮುಂದೆ ಒಂದು ಮೊಳ ಕೂಡಿಸಿ ತೋರಿಸಿದ ಲೆಕ್ಕ ನಮಗೆ ಬೇಡ.

ಇದ್ದ ಬಯಲನ್ನು ಉಳಿಸಿಕೊಳ್ಳುವುದೂ ಸುಲಭವಾಗಿಲ್ಲ. ನೋಡಿಕೊಳ್ಳಲು ಹಣವಿಲ್ಲವೆಂಬ ನೆಪದಲ್ಲಿ ಪಾಲಿಕೆ ಒಂದು ಕಾಲದಲ್ಲಿ ಇನ್ನೂರಕ್ಕೂ ಹೆಚ್ಚು ಬಯಲುಗಳನ್ನು ಖಾಸಗಿ ಸಂಸ್ಥೆಗಳ ಕೈಗೆ ದತ್ತು ಕೊಟ್ಟಿತ್ತು. ಚೆನ್ನಾಗಿ ನೋಡಿಕೊಂಡವರೂ ಇದ್ದರು. ಜನರ ಬಯಲಿನಲ್ಲಿ ಕ್ಲಬ್ಬು ಕಟ್ಟಿ ಸದಸ್ಯತ್ವ ಮಾರಿದವರೂ ಇದ್ದರು. 2016ರ ಜನವರಿಯಲ್ಲಿ ಹೊಸ ದತ್ತು ನೀತಿಯನ್ನು ಪಾಲಿಕೆಯ ಸಭೆ ಮಂಜೂರು ಮಾಡಿದಾಗ ನಾಗರಿಕರು ಎದ್ದುನಿಂತರು. ಮುಖ್ಯಮಂತ್ರಿಗಳು ಅದಕ್ಕೆ ತಡೆ ಹಾಕಿದರು. ದತ್ತು ಕೊಟ್ಟ ಜಾಗಗಳನ್ನು ಪಾಲಿಕೆ ಹಿಂದಕ್ಕೆ ಪಡೆಯತೊಡಗಿತು. ಪಾಲಿಕೆಗೆ ಹಣವಿಲ್ಲವೆಂಬ ಮಾತನ್ನು ಈ ದೇಶದಲ್ಲಿ ಯಾರು ಹೇಳಿದರೂ ನಂಬಬಹುದು, ಮುಂಬಯಿ ಪಾಲಿಕೆ ಹೇಳಿದರೆ ನಂಬುವುದು ಕಷ್ಟ.

ಮಹಾಲಕ್ಷ್ಮಿ ರೇಸ್ ಕೋರ್ಸಿನ 211 ಎಕರೆಯಲ್ಲಿ 120 ಎಕರೆಯನ್ನು ಜನರ ಉದ್ಯಾನಕ್ಕಾಗಿ ಪಡೆಯುವ ನಿರ್ಣಯ 2024ರಲ್ಲಿ ಆಯಿತು. ಕುದುರೆ ಓಡಿದಲ್ಲಿ ಮಕ್ಕಳು ಓಡುವುದಾದರೆ ನಾವು ಸ್ವಾಗತಿಸುತ್ತೇವೆ. ಆದರೆ ಎರಡು ತಾಸಿನ ಬಿಡುವಿರುವ ಸಾಕಿನಾಕಾದ ಕ್ಲೀನರ್ ಹುಡುಗ ರೈಲು ಹಿಡಿದು ಮಹಾಲಕ್ಷ್ಮಿಗೆ ಹೋಗಿ ಬರಲಾರನು. ಅವನಿಗೆ ಬೇಕಾದ ಬಯಲು ಕಾಲ್ನಡಿಗೆಯ ದೂರದಲ್ಲಿರಬೇಕು. ಮಾಟುಂಗಾದಲ್ಲಿ ಮೇಲ್ಸೇತುವೆಯ ಅಡಿಯ ಜಾಗ ಕಸಕ್ಕೂ ಗಾಡಿ ನಿಲ್ಲಿಸುವುದಕ್ಕೂ ಹೋಗಬಾರದೆಂದು ಅಲ್ಲಿಯ ನಿವಾಸಿಗಳು ಬೆನ್ನು ಹತ್ತಿದ್ದರಿಂದ 2016ರಲ್ಲಿ ಅಲ್ಲಿ ಉದ್ಯಾನವಾಯಿತು. ಸೇತುವೆಯ ಅಡಿಯಲ್ಲಿ ಆಗುವುದು ಬೇರೆ ಕಡೆ ಏಕಾಗದು?

ಬಯಲೊಂದೇ ಸಾಲದು. 1953ರ ಕಾಮಗಾರ ಕಲ್ಯಾಣ ನಿಧಿ ಕಾಯಿದೆಯಂತೆ ಪ್ರತಿ ವರ್ಷ ಜೂನಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಕಾರ್ಮಿಕನ ಸಂಬಳದಿಂದ ಹಣ ಹಿಡಿಯುತ್ತಾರೆ. 2024ರಿಂದ ಅದು ಒಂದು ಬಾರಿಗೆ 25 ರೂಪಾಯಿ. ಮಾಲೀಕನ ಪಾಲು 75. ಈ ಹಣದಿಂದ ನಡೆಯುವ ಕಾಮಗಾರ ಕಲ್ಯಾಣ ಕೇಂದ್ರಗಳಲ್ಲಿ ವಾಚನಾಲಯ, ಆಟ, ನಾಟಕ ಸ್ಪರ್ಧೆ, ಓದುವ ಕೋಣೆ ಇವೆ. ನಮ್ಮವರಲ್ಲಿ ಎಷ್ಟು ಮಂದಿ ಇವುಗಳ ಮೆಟ್ಟಿಲು ತುಳಿದಿದ್ದಾರೆ? ಕೇಂದ್ರಗಳ ವೇಳೆ ಗಿರಣಿ ಕಾರ್ಖಾನೆಯ ಪಾಳಿಗೆ ಹೊಂದಿಕೊಂಡು ಬಂದದ್ದು, ಹೋಟೆಲಿನವನ ಬಿಡುವಿಗಲ್ಲ. ಹಣ ಕೊಡುವುದು ನಾವೂ ಹೌದಾದರೆ ನಮ್ಮ ಹೊತ್ತಿಗೂ ಬಾಗಿಲು ತೆರೆಯಬೇಕು.

ವಾರದ ರಜೆಯ ಮಾತಿಲ್ಲದೆ ಈ ಲೇಖನ ಪೂರ್ತಿಯಾಗದು. 2017ರ ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಲ್ಲಿ ವಾರಕ್ಕೊಂದು ದಿನ ಪೂರ್ತಿ ರಜೆ ಹೇಳಿದೆ. ಆದರೆ ಇಪ್ಪತ್ತಕ್ಕಿಂತ ಕಡಿಮೆ ಕಾರ್ಮಿಕರಿರುವಲ್ಲಿ ಕಾಯಿದೆಯ ಹೆಚ್ಚಿನ ಕಲಮುಗಳು ಅನ್ವಯಿಸವು. ಸಣ್ಣ ಹೋಟೆಲಿನ ಹುಡುಗ ಆ ಇಪ್ಪತ್ತರ ಲೆಕ್ಕದ ಹೊರಗೆ ಬಿದ್ದಿದ್ದಾನೆ. ದೊಡ್ಡ ಹೋಟೆಲಿನಲ್ಲಿಯೂ ಪುಸ್ತಕದಲ್ಲಿ ಬರೆದ ರಜೆ ಬೇರೆ, ಸಿಕ್ಕುವ ರಜೆ ಬೇರೆ. ನಮ್ಮ ಮಾಲೀಕರಲ್ಲಿ ಬಹುಮಂದಿ ತಾವೂ ಒಂದು ಕಾಲದಲ್ಲಿ ಮೋರಿಯಲ್ಲಿ ನಿಂತು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಕಲಿತು ಗಲ್ಲೆಗೆ ಏರಿದವರು. ಅವರಿಗೆ ನಾವು ಗೌರವದಿಂದಲೇ ಕೇಳುತ್ತೇವೆ: ಸಮಾಜದ ಹೆಸರಿನಲ್ಲಿ ಭವನಗಳನ್ನು ಕಟ್ಟಿದ್ದೀರಿ, ಸಂತೋಷ. ಮದುವೆಯಿಲ್ಲದ ದಿನಗಳಲ್ಲಿ ಆ ಭವನಗಳ ಒಂದು ಕೋಣೆಯನ್ನು ಮಧ್ಯಾಹ್ನ ಎರಡು ತಾಸು ಹೋಟೆಲಿನ ಹುಡುಗರಿಗೆ ತೆರೆದಿಡಬಾರದೇ? ಒಂದು ಕೇರಂ ಬೋರ್ಡು, ನಾಲ್ಕು ಪತ್ರಿಕೆ, ಎರಡು ಫ್ಯಾನು. ಇದಕ್ಕೆ ಎಷ್ಟು ಖರ್ಚು?

ಮೋರಿಯಲ್ಲಿ ಇಂದು ನಿಂತಿರುವವನು ಕುಂದಾಪುರ ಕಾರ್ಕಳದವನೇ ಆಗಿರಬೇಕಿಲ್ಲ. ಒಡಿಶಾದವನು, ಬಿಹಾರದವನು, ನೇಪಾಳದವನು ಅಲ್ಲಿದ್ದಾನೆ. ನಾವು ಕೇಳುವ ಬಯಲು ಅವನಿಗೂ ಸೇರಿದ್ದು. ಮಹಿಳಾ ಬಾಂಧವರನ್ನೂ ಮರೆಯಬಾರದು. ದೀಪವಿಲ್ಲದ, ಶೌಚಾಲಯವಿಲ್ಲದ ಬಯಲಿಗೆ ಯಾವ ತಾಯಿಯೂ ಮಗಳನ್ನು ಆಟಕ್ಕೆ ಕಳಿಸಳು.

ನಮ್ಮ ಬೇಡಿಕೆಗಳನ್ನು ಒಂದೊಂದಾಗಿ ಹೇಳುತ್ತೇವೆ. ಒಂದು, ಸಾರ್ವಜನಿಕ ಉದ್ಯಾನಗಳ ಬೀಗ ಮಧ್ಯಾಹ್ನದಲ್ಲಿಯೂ ತೆರೆದಿರಲಿ. ಗುಡಿಸುವ ಕೆಲಸವನ್ನು ಬೆಳಗಿನಲ್ಲಿ ಮುಗಿಸಬಹುದು. ಎರಡು, ಬಯಲಿಗೆಂದು ಮೀಸಲಿಟ್ಟ ಪ್ರತಿಯೊಂದು ಜಾಗದ ಪಟ್ಟಿಯನ್ನು, ಅದು ಈಗ ಯಾರ ಕೈಯಲ್ಲಿದೆ ಎಂಬುದರೊಡನೆ, ವಾರ್ಡು ಕಚೇರಿಯ ಗೋಡೆಯ ಮೇಲೆ ಮರಾಠಿ, ಹಿಂದಿಗಳಲ್ಲಿ ಜನರಿಗೆ ಕಾಣುವಂತೆ ಹಚ್ಚಲಿ. ಮೂರು, 2028ರ ಒಳಗೆ ಯಾವ ವರ್ಷ ಯಾವ ಜಾಗವನ್ನು ಪಡೆಯುತ್ತಾರೆಂಬ ಕ್ರಮವನ್ನು ಹಣದ ಸಮೇತ ಬಜೆಟಿನಲ್ಲಿ ತೋರಿಸಲಿ. ಬಯಲು ಕಡಿಮೆಯಿರುವ ವಾರ್ಡುಗಳಿಗೆ ಮೊದಲ ಪಾಳಿ ಸಿಗಲಿ. ನಾಲ್ಕು, ಪ್ರತಿಯೊಂದು ಬಯಲಿನಲ್ಲಿ ನೀರಿನ ನಲ್ಲಿ, ಶೌಚಾಲಯ, ದೀಪ ಇರಲಿ. ಐದು, ಹೋಟೆಲುಗಳು ಹೆಚ್ಚಾಗಿರುವ ಕಡೆ ಕಾಮಗಾರ ಕಲ್ಯಾಣ ಕೇಂದ್ರಗಳು ಹೋಟೆಲು ಕಾರ್ಮಿಕನ ಬಿಡುವಿನ ವೇಳೆಯಲ್ಲಿ ತೆರೆದಿರಲಿ.

ಕೇಳಿದರೆ ಕೊಡುವರೆಂಬ ಭ್ರಮೆ ನಮಗಿಲ್ಲ. 2022ರ ಮಾರ್ಚಿನಿಂದ ವರ್ಷಗಟ್ಟಲೆ ಈ ಪಾಲಿಕೆ ನಗರಸೇವಕರಿಲ್ಲದೆ ಪ್ರಶಾಸಕರ ಕೈಯಲ್ಲಿ ನಡೆದಾಗ ಕೇಳಲು ಬಾಗಿಲೇ ಇರಲಿಲ್ಲ. ಆದರೆ ನಾವೂ ಮಾಡಬೇಕಾದ ಕೆಲಸವಿದೆ. ಈಗಿನ ಯೋಜನೆಯ ನಕ್ಷೆಗಳು ಗುಪ್ತ ಕಾಗದಗಳಲ್ಲ. ಪಾಲಿಕೆಯ ಜಾಲತಾಣದಲ್ಲಿ ಮೊಬೈಲಿನಲ್ಲಿಯೇ ನೋಡಬಹುದು. ಹತ್ತು ರೂಪಾಯಿ ಕೊಟ್ಟು 2005ರ ಮಾಹಿತಿ ಹಕ್ಕಿನಡಿ ಯಾವ ಜಾಗದ ಸ್ಥಿತಿಯನ್ನಾದರೂ ಕೇಳಬಹುದು. ನಮ್ಮ ಸಂಘದ ಪ್ರತಿ ಶಾಖೆಯಿಂದ ಇಬ್ಬರು ಮುಂದೆ ಬರಲಿ. ತಮ್ಮ ಹೋಟೆಲಿನಿಂದ ಹದಿನೈದು ನಿಮಿಷದ ನಡಿಗೆಯೊಳಗೆ ನಕ್ಷೆಯಲ್ಲಿ ಬಯಲೆಂದು ಬರೆದ ಜಾಗಗಳನ್ನು ಕಣ್ಣಾರೆ ನೋಡಿ, ಅಲ್ಲಿ ಹುಲ್ಲಿದೆಯೋ ಗೋದಾಮಿದೆಯೋ ಬರೆದು ತರಲಿ. ಇಂಗ್ಲಿಷು ಬಾರದೆಂಬ ಅಂಜಿಕೆ ಬೇಡ. ಮಾಧ್ಯಮಿಕ ಶಾಲೆಯನ್ನು ದಾಟದ ನಾವೇ ಕಲಮು 127ನ್ನು ಓದಿಸಿಕೊಂಡು ಅರ್ಥ ಮಾಡಿಕೊಂಡೆವು. ಮೆನುವಿನ ನೂರು ಐಟಂ, ಇಪ್ಪತ್ತು ಟೇಬಲಿನ ಬಿಲ್ಲು ಬಾಯಿಪಾಠ ಹೇಳುವ ನಮ್ಮ ಸಪ್ಲಾಯರಿಗೆ ಒಂದು ನಕ್ಷೆ ಹೆಚ್ಚಿನದಲ್ಲ.

ಇದರ ಜೊತೆಗೆ ನಮ್ಮ ನಡತೆಯೂ ನೆಟ್ಟಗಿರಬೇಕು. ಬಗೀಚದಲ್ಲಿ ಗುಟಕಾ ಉಗುಳುವವನು, ಬಯಲಿನಲ್ಲಿ ಬಾಟಲಿ ಒಡೆದು ಹೋಗುವವನು ಬೀಗ ಹಾಕುವವರ ಕೈಗೆ ಬೀಗದ ಜೊತೆಗೆ ಕಾರಣವನ್ನೂ ಕೊಡುತ್ತಾನೆ. ಇದನ್ನು ಕಟುವಾಗಿ ಹೇಳಿದ್ದಕ್ಕೆ ಯಾರೂ ಬೇಸರಿಸಬಾರದು.

ಆ ಹತ್ತೊಂಬತ್ತು ವರ್ಷದ ಹುಡುಗನೇ ತನ್ನ ಶಾಖೆಯ ಮೊದಲನೆಯ ಹೆಸರು ಕೊಟ್ಟಿದ್ದಾನೆ. ಅವನ ಪ್ರಶ್ನೆಗೆ ಅಂದು ಕೊಡಲಾರದ ಉತ್ತರವನ್ನು ಈಗ ಕೊಡುತ್ತಿದ್ದೇವೆ: ತಮ್ಮಾ, ಆ ಬಗೀಚ ನಿನಗೋಸ್ಕರವೂ ಮಾಡಿದ್ದು. ಇನ್ನೂ ಬಗೀಚವಾಗದೆ ನಕ್ಷೆಯಲ್ಲಿ ಉಳಿದಿರುವ ಬಯಲೂ ನಿನ್ನದೇ. 2028 ದೂರವಿಲ್ಲ, ಹೊರಡೋಣ.